ಟಾಮ್ಸ್ಕ್‌ನ ಶೂಮನ್ ಸ್ಪೆಕ್ಟ್ರೋಗ್ರಾಮ್: ಉಚಿತ ಸೇವೆ, ಓದುವ ಕ್ರಮ ಗೊತ್ತಿರಲಿ
ರಷ್ಯಾದ ಟಾಮ್ಸ್ಕ್ ವಿಶ್ವವಿದ್ಯಾಲಯ ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುವ ಶೂಮನ್ ಅನುರಣನದ ಸ್ಪೆಕ್ಟ್ರೋಗ್ರಾಮ್, ಅಂದರೆ ಯಾವ ಹೊತ್ತಿನಲ್ಲಿ ಯಾವ ಆವರ್ತನ ಎಷ್ಟು ಜೋರಿತ್ತು ಎಂದು ತೋರಿಸುವ ಚಿತ್ರ, ನಿಜಕ್ಕೂ ಬೆಲೆಬಾಳುವಂಥದ್ದು. ಜಗತ್ತಿನ ಸಿಡಿಲುಗಳಿಂದ ನೆಲ ಮತ್ತು ಮೇಲಿನ ಅಯಾನುಗೋಳದ ನಡುವೆ ಮೂಡುವ ವಿದ್ಯುತ್ಕಾಂತೀಯ ಕಂಪನವೇ ಶೂಮನ್ ಅನುರಣನ. ಮೂರು ದಿನಗಳ ದಾಖಲೆ ಒಂದೇ ನೋಟಕ್ಕೆ ಸಿಗುತ್ತದೆ. ಲಂಬ ಅಕ್ಷ 0ರಿಂದ 40 ಹರ್ಟ್ಸ್. 7.8, 14.3, 20.8 ಹರ್ಟ್ಸ್ ಸುತ್ತಲಿನ ಅಡ್ಡಪಟ್ಟಿಗಳೇ ಅನುರಣನ. ಬಣ್ಣ ಹೇಳುವುದು ಶಕ್ತಿಯನ್ನು, ಆವರ್ತನವನ್ನಲ್ಲ. ಚಿತ್ರ ಬೆಳ್ಳಗಾದ ಕೂಡಲೇ ‘ಭೂಮಿಯ ಆವರ್ತನ 40ಕ್ಕೇರಿತು’ ಎಂದು ವಾಟ್ಸಾಪ್‌ನಲ್ಲಿ ಹಂಚುವುದು ಶುದ್ಧ ತಪ್ಪು. ಮೇಲಿಂದ ಕೆಳಗಿನವರೆಗೂ ಬಿಳಿ ಗೆರೆ ಕಂಡರೆ ಮೊದಲು ಹತ್ತಿರದ ಸಿಡಿಲನ್ನೋ ಸ್ಥಳೀಯ ವಿದ್ಯುತ್ ಗದ್ದಲವನ್ನೋ ಶಂಕಿಸಿ. ಕಪ್ಪು ಪಟ್ಟಿ ಸಾಮಾನ್ಯವಾಗಿ ದಾಖಲೆ ನಿಂತುಹೋದ ಗುರುತು. ಸಮಯ ಟಾಮ್ಸ್ಕ್‌ನದು, ನಮ್ಮದಕ್ಕೆ ಒಂದೂವರೆ ಗಂಟೆ ಕಳೆಯಿರಿ. ಏಷ್ಯಾದ ಸಿಡಿಲು ನಮ್ಮ ಮಧ್ಯಾಹ್ನ 1.30ರ ಸುಮಾರಿಗೆ, ಆಫ್ರಿಕಾದ್ದು ರಾತ್ರಿ 7.30ರ ಹೊತ್ತಿಗೆ ಜೋರು. ದೊಡ್ಡ ಮಿತಿ ಎಂದರೆ ಇದು ಒಂದೇ ಕೇಂದ್ರದ ಅಳತೆ. ಬೇರೆ ಕೇಂದ್ರದಲ್ಲೂ ಅದೇ ಏರಿಕೆ ಕಾಣದೆ ಜಾಗತಿಕ ಎನ್ನಬೇಡಿ.