ಎರಡು ಭಾನುವಾರದ ಸ್ಟಾಟಿಸ್ಟಿಕ್ಸ್ ಕ್ಲಾಸು: ಒಂದು ಪೂರ್ತಿ, ಒಂದು ಅರ್ಧ

ಎಂ.ಕಾಂ. ಪ್ರಾಜೆಕ್ಟ್‌ಗೆ ಸರ್ವೆ ಮುಗಿಸಿ ಕೂತಿದ್ದೆ, ಮುಂದೇನು ಅಂತ ಗೊತ್ತಿರಲಿಲ್ಲ. ಗೆಳತಿಯ ಮಾತು ಕೇಳಿ ಮೈಸೂರಿನಲ್ಲಿ 1,200 ರೂಪಾಯಿ ಕೊಟ್ಟು ಒಂದು ಕ್ಲಾಸಿಗೆ ಸೇರಿದೆ. ಹೆಸರು ಬೇಡ, ಕೊನೆಗೆ ಸ್ವಲ್ಪ ಬೈಯುವುದಿದೆ.

ಮೊದಲ ದಿನ ಮೇಷ್ಟ್ರು ಬೋರ್ಡನ್ನೇ ಮುಟ್ಟಲಿಲ್ಲ. ನಿಮ್ಮ ನಿಮ್ಮ ಎಕ್ಸೆಲ್ ಶೀಟ್ ತೆಗೆಯಿರಿ ಅಂದರು. ನನ್ನದರಲ್ಲಿ ಪಿನ್‌ಕೋಡ್ ಕಾಲಂ ಇತ್ತು: 570001, 570023, 571401. ಸರಾಸರಿ ತೆಗಿ ಅಂದರು, ತೆಗೆದೆ, 570475 ಬಂತು. "ಇದು ಯಾವ ಊರಮ್ಮಾ?" ಮೈಸೂರಿಗೂ ಮಂಡ್ಯಕ್ಕೂ ನಡುವೆ ಅಲ್ವಾ, ಶ್ರೀರಂಗಪಟ್ಟಣ ಇರಬೇಕು ಸಾರ್ ಅಂದ ಹಿಂದಿನ ಬೆಂಚಿನವನು. (ಅದು 571438.) ನಾಮಿನಲ್ ಡೇಟಾ ಅಂದರೆ ಅಂಕಿಯ ವೇಷ ಹಾಕಿದ ಹೆಸರು ಅನ್ನುವುದು ನನಗೆ ಅಲ್ಲೇ ಹೊಳೆಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ಸ್ 1946ರಲ್ಲಿ ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದನ್ನೂ ಮೇಷ್ಟ್ರು ಹೀಗೇ ಹೇಳಿದರು, ನಾಮಿನಲ್ ಅದರಲ್ಲಿ ಮೊದಲನೆಯದು. ಸಿಇಟಿ ರ‍್ಯಾಂಕ್ ಆರ್ಡಿನಲ್, ಅಂದರೆ ಬರೀ ಕ್ರಮ, ಒಂದನೇ ರ‍್ಯಾಂಕಿಗೂ ಎರಡನೆಯದಕ್ಕೂ ಎಷ್ಟು ಅಂಕದ ಅಂತರ ಅಂತ ಅದು ಹೇಳುವುದಿಲ್ಲ. 40 ಡಿಗ್ರಿ ಸೆಲ್ಸಿಯಸ್ ಅಂದರೆ 20ರ ಎರಡರಷ್ಟು ಬಿಸಿ ಅಲ್ಲ, ಅಲ್ಲಿ ಸೊನ್ನೆ ಅಂದರೆ ನೀರು ಹೆಪ್ಪುಗಟ್ಟುವ ಗುರುತು ಅಷ್ಟೇ, ಹಾಗಾಗಿ ಇಂಟರ್ವಲ್, ಅಂದರೆ ಅಂತರಕ್ಕೆ ಅರ್ಥವಿದೆ, ಎಷ್ಟು ಪಟ್ಟು ಅನ್ನುವುದಕ್ಕಿಲ್ಲ. ಜೇಬಿನ ದುಡ್ಡು ರೇಶಿಯೊ, ಸೊನ್ನೆ ಅಂದರೆ ನಿಜವಾಗಿಯೂ ಏನೂ ಇಲ್ಲ.

ಆಮೇಲೆ ನನ್ನ ಡ್ರಾಫ್ಟ್‌ಗೆ ಕೈ ಹಾಕಿದರು. 'ಏನೂ ತೃಪ್ತಿ ಇಲ್ಲ'ದಿಂದ 'ತುಂಬಾ ತೃಪ್ತಿ'ವರೆಗೆ 1ರಿಂದ 5 ಕೊಟ್ಟು, ಗ್ರಾಹಕರ ತೃಪ್ತಿ ಸರಾಸರಿ 3.7 ಅಂತ ಧೈರ್ಯವಾಗಿ ಬರೆದಿದ್ದೆ. 1ರಿಂದ 2ಕ್ಕೆ ಇರುವಷ್ಟೇ ದೂರ 4ರಿಂದ 5ಕ್ಕೂ ಇದೆ ಅಂತ ನಿನಗೆ ಯಾರು ಹೇಳಿದರು ಅಂದರು. ಉತ್ತರ ಇರಲಿಲ್ಲ. ಸರಾಸರಿ ತೆಗೆಯುವವರು ಬೇಕಾದಷ್ಟು ಜನ ಇದ್ದಾರೆ, ಜಗಳ ಹಳೆಯದು, ನೀನು ಮೊದಲು ಮೀಡಿಯನ್ (ಉತ್ತರಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವುದು) ಕೊಟ್ಟು ಯಾವ ಉತ್ತರಕ್ಕೆ ಎಷ್ಟು ಜನ ಅಂತ ತೋರಿಸು ಅಂದರು. ಆ ರಾತ್ರಿ ಕೂತು ಒಂದು ಅಧ್ಯಾಯ ಪೂರ್ತಿ ತಿದ್ದಿದೆ.

ಎರಡನೇ ಭಾನುವಾರ ಬೇರೆಯವರು ಬಂದರು. ಡಿಸ್ಕ್ರೀಟ್ (ಎಣಿಸುವ ಡೇಟಾ), ಕಂಟಿನ್ಯೂಯಸ್ (ಅಳೆಯುವ ಡೇಟಾ) ಎರಡೂ ಹದಿನೈದು ನಿಮಿಷದಲ್ಲಿ ಮುಗಿದವು. ಪರಿಣಾಮ ಬೀರುವ ಸ್ವತಂತ್ರ ಚರ ಯಾವುದು, ಅದಕ್ಕೆ ತಕ್ಕಂತೆ ಬದಲಾಗುವ ಅವಲಂಬಿತ ಚರ ಯಾವುದು ಅಂತ ಸ್ಲೈಡ್ ಓದಿದರು, ಅಷ್ಟೇ. ಮಧ್ಯಾಹ್ನ ಪೂರ್ತಿ ಮುಂದಿನ ಕೋರ್ಸ್ ಮಾರುವ ಮಾತು. ಸಿಟ್ಟು ಬಂತು.

ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ, ಇದೂ ಆರ್ಡಿನಲ್ಲೇ. ಹೋಗುವವರು ಸ್ವಂತ ಡೇಟಾ ತೆಗೆದುಕೊಂಡು ಹೋಗಿ, ಅವರು ಕೊಡುವ ಶೀಟ್‌ನಲ್ಲಿ ಹೂವಿನ ದಳದ ಅಳತೆ ಬಿಟ್ಟರೆ ಬೇರೇನೂ ಇಲ್ಲ.