45,000 ಕೊಟ್ಟು ಟೋಪಿ ಹಾಕಿಸಿಕೊಂಡೆ: ಸಾಫ್ಟ್‌ವೇರ್ ಅಗ್ರಿಮೆಂಟ್ ಬರೆಸುವವರು ಓದಿ

ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಸಾಫ್ಟ್‌ವೇರ್ ಕೆಲಸ ಹೊರಗಡೆ ಮಾಡಿಸುವ ಸಣ್ಣ ಕಂಪನಿಯವರು ಇನ್ಯಾರೂ ಹೀಗೆ ಬೀಳಬಾರದು.

ರಾಜಾಜಿನಗರದಲ್ಲಿ ನಮ್ಮದು ಆರು ಜನರ ಆಫೀಸು, ಲ್ಯಾಬ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಮೊಬೈಲ್ ಆ್ಯಪ್ ನಮಗೆ ಬರದ ಕೆಲಸ, ಅದನ್ನು ಮೈಸೂರಿನ ಒಂದು ಟೀಮಿಗೆ 8 ಲಕ್ಷಕ್ಕೆ ವಹಿಸಿದೆವು. ಅಗ್ರಿಮೆಂಟ್ ಗಟ್ಟಿಯಾಗಿರಲಿ ಅಂತ ‘ಐಟಿ ಕಾಂಟ್ರ್ಯಾಕ್ಟ್ ಸ್ಪೆಷಲಿಸ್ಟ್’ ಅಂತ ಜಾಹೀರಾತು ಹಾಕಿದ್ದ ಒಂದು ಲೀಗಲ್ ಸರ್ವಿಸ್‌ನವರಿಗೆ 45,000 ಕೊಟ್ಟೆ. ಪೂರ್ತಿ ಅಡ್ವಾನ್ಸ್. ವಕೀಲರು ಜಾಹೀರಾತು ಕೊಟ್ಟು ಕೆಲಸ ಹಿಡಿಯುವಂತಿಲ್ಲ ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ. ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಎರಡೇ ದಿನಕ್ಕೆ 26 ಪುಟ ಬಂತು. ದಪ್ಪ ನೋಡಿಯೇ ಖುಷಿಯಾಯಿತು. ಓದಿದ್ದು ಮೊದಲ ನಾಲ್ಕು ಪುಟ. ‘ಓಕೆ’ ಅಂತ ಮೇಲ್ ಕಳಿಸಿದೆ. ಈ ‘ಓಕೆ’ ನೆನಪಿಟ್ಟುಕೊಳ್ಳಿ.

ಏಳು ತಿಂಗಳಾದ ಮೇಲೆ, 6 ಲಕ್ಷ ಕೊಟ್ಟಾದ ಮೇಲೆ, ಸೋರ್ಸ್ ಕೋಡ್ (ಆ್ಯಪ್‌ಗಾಗಿ ಬರೆದ ಮೂಲ ಪ್ರೋಗ್ರಾಂ) ಕೊಡಿ ಅಂದರೆ ಆ ಟೀಮಿನವರು "ಕೋಡ್ ನಮ್ದು ಸರ್, ನಿಮಗೆ ಬಳಸೋಕೆ ಮಾತ್ರ, ಬೇಕೇ ಬೇಕು ಅಂದ್ರೆ ಇನ್ನೂ 3 ಲಕ್ಷ ಆಗುತ್ತೆ" ಅಂದರು. ಅಗ್ರಿಮೆಂಟ್ ಇದೆಯಲ್ಲ ಅನ್ನುವ ಧೈರ್ಯದಲ್ಲಿ ಅದನ್ನು ಭಾವನ ಸ್ನೇಹಿತರ ಹತ್ತಿರ ತೆಗೆದುಕೊಂಡು ಹೋದೆ, ಅವರು ಸಿಟಿ ಸಿವಿಲ್ ಕೋರ್ಟಿನಲ್ಲಿ ವಕೀಲರು. ಕನ್ನಡಕ ಏರಿಸಿಕೊಂಡು ಒಂದೊಂದೇ ಪುಟ ತಿರುವುತ್ತಾ ಹೋಗಿ 17ನೇ ಪುಟದಲ್ಲಿ ಬೆರಳಿಟ್ಟರು. "ಇದ್ಯಾರಪ್ಪ ಇವರು?"

ನಮ್ಮ ಕಂಪನಿ ಹೆಸರು ಇರಬೇಕಾದ ಕಡೆ ಯಾವುದೋ ಅಮೆರಿಕದ ಕಂಪನಿಯ ಹೆಸರು! ಆರ್ಬಿಟ್ರೇಶನ್, ಅಂದರೆ ಜಗಳ ಬಂದರೆ ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ತೀರಿಸಿಕೊಳ್ಳುವುದು, ಎಲ್ಲಿ ಗೊತ್ತಾ? ಸಿಂಗಾಪುರದಲ್ಲಿ. ನಾನು ರಾಜಾಜಿನಗರ, ಅವರು ಮೈಸೂರು, ಜಗಳ ಮಾತ್ರ ಸಿಂಗಾಪುರಕ್ಕೆ ಹೋಗಿ ಆಡಬೇಕು. ಅವರು ನಮಗೆ ಏನೇನು ಒಪ್ಪಿಸಬೇಕು ಅನ್ನುವ ಪಟ್ಟಿ, ಷೆಡ್ಯೂಲ್ ಬಿ, ಖಾಲಿ. ಹಳದಿ ಬಳಿದು ‘ಇಲ್ಲಿ ತುಂಬಿ’ ಅಂತ ಇಂಗ್ಲಿಷಿನಲ್ಲಿ ಇದೆ. ಅದರ ಕೆಳಗೇ ನನ್ನ ಸಹಿ.

ಕೋಡಿನ ಹಕ್ಕಿನ ಬಗ್ಗೆ ಇದ್ದದ್ದು ‘ವರ್ಕ್ ಮೇಡ್ ಫಾರ್ ಹೈರ್’ ಅನ್ನುವ ಒಂದು ಸಾಲು. ಅಂದರೆ ದುಡ್ಡು ಕೊಟ್ಟು ಮಾಡಿಸಿದ ಕೆಲಸ ಮಾಡಿಸಿದವರದೇ ಅಂತ. ಅದು ಅಮೆರಿಕದ ಕಾನೂನಿನ ಮಾತು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಂಬಳದ ನೌಕರ ಬರೆದ ಕೋಡ್ ಕಂಪನಿಯದು, ಹೊರಗಿನವರು ಬರೆದದ್ದು ಅವರದೇ, ಅವರು ಕಾಗದದ ಮೇಲೆ ಬಿಟ್ಟುಕೊಡುವ ತನಕ. ದುಡ್ಡು ನಾನು ಕೊಟ್ಟಿದ್ದರೂ.

ಲೀಗಲ್ ಸರ್ವಿಸ್‌ಗೆ ಫೋನ್ ಮಾಡಿದೆ. "ಅದು ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಸರ್." ಮತ್ತೆ ಆ ಹೆಸರು? "ಟೈಪಿಂಗ್ ಮಿಸ್ಟೇಕ್ ಸರ್." ಷೆಡ್ಯೂಲ್? "ಅದನ್ನ ನೀವು ತುಂಬ್ಬೇಕಿತ್ತು ಸರ್." ವಕೀಲರಿಗೆ ಕೊಡಿ ಅಂದೆ. "ನಮ್ಮ ಲೀಗಲ್ ಟೀಮ್ ಕಾಲ್ ತಗೊಳ್ಳಲ್ಲ ಸರ್." ಸಾಯಂಕಾಲ ವಾಟ್ಸಾಪಿಗೆ ನನ್ನದೇ ‘ಓಕೆ’ ಇಮೇಲ್‌ನ ಸ್ಕ್ರೀನ್‌ಶಾಟ್ ಬಂತು: "ಅಪ್ರೂವ್ ಮಾಡಿದ್ದು ನೀವೇ ಅಲ್ವಾ ಸರ್? ತಿದ್ದಬೇಕು ಅಂದ್ರೆ 18,000 ಪ್ಲಸ್ ಜಿಎಸ್‌ಟಿ." 45,000 ತಿಂದವರು ತಮ್ಮ ತಪ್ಪು ತಿದ್ದಲು ಇನ್ನೂ 18,000 ಕೇಳುತ್ತಾರೆ! ಆ ಮೆಸೇಜನ್ನು ಹತ್ತು ಸಲ ಓದಿದ್ದೇನೆ, ಹತ್ತು ಸಲವೂ ಮೈ ಉರಿದಿದೆ.

ಗ್ರಾಹಕ ಕೋರ್ಟಿಗೆ ಎಳೆಯೋಣ ಅಂದರೆ, ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿಬಿಟ್ಟಿದೆ. ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡೋಣ ಅಂದರೆ ವಕೀಲರ ಹೆಸರು ಬೇಕಲ್ಲ, ಬಿಲ್ಲಿನ ಮೇಲೆ ಸೀಲು ಬಿಟ್ಟರೆ ಒಬ್ಬರ ಹೆಸರೂ ಇಲ್ಲ. ಇವರಲ್ಲಿ ನಿಜವಾದ ವಕೀಲರು ಇದ್ದಾರೋ ಇಲ್ಲವೋ ದೇವರಿಗೇ ಗೊತ್ತು.

ಬರೆದುಕೊಡುವ ವಕೀಲರ ಹೆಸರು, ಎನ್‌ರೋಲ್‌ಮೆಂಟ್ ನಂಬರ್ (ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ) ಮೊದಲೇ ಕೇಳಿ. ಎದುರಿಗೆ ಕೂತು ಮಾತಾಡದವರಿಗೆ ದುಡ್ಡು ಕೊಡಬೇಡಿ. ಕೋಡಿನ ಹಕ್ಕು ನಿಮಗೆ ವರ್ಗಾವಣೆ ಅಂತ ನೇರವಾಗಿ ಬರೆಸಿ, ಎಷ್ಟು ವರ್ಷ, ಯಾವ ದೇಶ ಅಂತಲೂ ಹಾಕಿಸಿ, ಹಾಕದಿದ್ದರೆ ಕಾಯ್ದೆ ಪ್ರಕಾರ 5 ವರ್ಷ, ಅದೂ ಭಾರತಕ್ಕೆ ಮಾತ್ರ. ಮತ್ತೆ ಕೊನೆಯ ಪುಟದಿಂದ ಓದಲು ಶುರು ಮಾಡಿ, ಎಡವಟ್ಟೆಲ್ಲ ಹಿಂದುಗಡೆಯೇ ಇರುತ್ತದೆ.

ಶನಿವಾರ ಮೈಸೂರಿಗೆ ಹೋಗುತ್ತಿದ್ದೇನೆ. 3 ಲಕ್ಷ ಕೇಳಿದ್ದಾರೆ, ಒಂದೂವರೆಗೆ ಇಳಿದರೆ ಕೊಟ್ಟು ಕೋಡ್ ಬಿಡಿಸಿಕೊಂಡು ಬರುತ್ತೇನೆ.