ಗಾರ್ಡನ್ ಡಿಸೈನ್ ಆ್ಯಪ್: ಎರಡು ಮಳೆಗಾಲ ಕಳೆದ ಮೇಲೆ

ಉಡುಪಿ ಹತ್ತಿರ ನಮ್ಮದು 12 ಸೆಂಟ್ಸ್ ಜಾಗ. ಮನೆ, ಬಾವಿ, ನಾಲ್ಕು ತೆಂಗಿನಮರ ಬಿಟ್ಟರೆ ಮುಂದೆ ಒಂದಿಷ್ಟು ಅಂಗಳ. ಅದನ್ನು ಲಾನ್ ಮಾಡುವ ಹುಚ್ಚು ಹತ್ತಿದಾಗ ಫೋನಿಗೆ ಈ ಆ್ಯಪ್ ಹಾಕಿಕೊಂಡೆ. ಅಂಗಳದ ಫೋಟೋ ಕೊಟ್ಟರೆ ಅದರ ಮೇಲೆಯೇ ಹುಲ್ಲು, ದಾರಿ, ಗಿಡ ಕೂರಿಸಿ ತೋರಿಸುತ್ತದೆ. ಫ್ರೀಯಾಗಿ ಸಿಗುವುದು ಮೂರೇ ಡಿಸೈನ್. ನಾನು ವರ್ಷಕ್ಕೆ 1,200 ರೂಪಾಯಿ ಕಟ್ಟಿದೆ. ಈಗ ಎರಡು ವರ್ಷ ಆಗುತ್ತಾ ಬಂತು.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ನೆರಳಿನ ಲೆಕ್ಕ. ಮನೆಯ ದಿಕ್ಕು, ಎತ್ತರ ಹಾಕಿದರೆ ಯಾವ ತಿಂಗಳು ಎಲ್ಲಿ ಬಿಸಿಲು ಬೀಳುತ್ತದೆ ಎಂದು ತೋರಿಸುತ್ತದೆ. ಮನೆಯ ಉತ್ತರಕ್ಕೆ ಬಿಸಿಲೇ ಇಲ್ಲ ಅಂದುಕೊಂಡಿದ್ದೆ. ಡಿಸೆಂಬರ್‌ಗೆ ಅದು ನಿಜ. ಆದರೆ ನಾವಿರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ ಅಲ್ವಾ, ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಮೇ ತಿಂಗಳಲ್ಲಿ ಆ ಗೋಡೆಬದಿ ಕಾದ ಕಾವಲಿ. ಅಲ್ಲಿ ನೆರಳು ಬೇಡುವ ಫರ್ನ್ ಇಡಲು ಹೊರಟಿದ್ದೆ, ಬಿಟ್ಟೆ.

ಡಿಸೈನ್ ಮುಗಿಸಿ ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಎಂಥ ಮಾರಾಯ ಇದು, ಬಸಳೆ ಚಪ್ಪರ ಎಲ್ಲುಂಟು?" ಎಂದರು. ಚಪ್ಪರ ಬಿಡಿ, ಆ್ಯಪ್‌ನಲ್ಲಿ ತುಳಸಿಕಟ್ಟೆಯೂ ಇಲ್ಲ. ಹಕ್ಕಿಗಳಿಗೆ ನೀರಿಡುವ ಕಲ್ಲಿನ ಬಟ್ಟಲೊಂದಿತ್ತು, ಅದನ್ನೇ ತುಳಸಿಕಟ್ಟೆ ಅಂತ ಇಟ್ಟೆ. ಬಾವಿಗೆ ದುಂಡನೆಯ ಕಾರಂಜಿ. ಪಟದಲ್ಲಿ ನಮ್ಮ ಬಾವಿಯಿಂದ ನೀರು ಚಿಮ್ಮುವುದನ್ನು ನೋಡಿ ಮನೆಯವರೆಲ್ಲ ನಕ್ಕದ್ದೇ ನಕ್ಕದ್ದು.

ಎಡವಟ್ಟಾದದ್ದು ಗಿಡಗಳಲ್ಲಿ. ಊರಿನ ಹೆಸರು ಹಾಕಿದರೆ ಆ್ಯಪ್ ಒಂದು ಹವಾಮಾನ ವಲಯದ ನಂಬರ್ ಕೊಡುತ್ತದೆ. ಅದು ಅಮೆರಿಕದ ಕೃಷಿ ಇಲಾಖೆಯ ಲೆಕ್ಕ. ಚಳಿಗಾಲದಲ್ಲಿ ಎಷ್ಟು ಥಂಡಿ ಬೀಳುತ್ತದೆ ಎನ್ನುವುದರ ಮೇಲೆ 13 ವಲಯ ಮಾಡಿದ್ದಾರೆ. ಮಳೆಗೆ ಅದರಲ್ಲಿ ಜಾಗವಿಲ್ಲ. ನಮ್ಮಲ್ಲಿ ಚಳಿಗೆ ಸಾಯುವ ಗಿಡ ಯಾವುದು ಹೇಳಿ? ಸಾಯುವುದೆಲ್ಲ ಜೂನ್ ಆದ ಮೇಲೆ ನೀರಿಗೆ. ಆ್ಯಪ್ ಹೇಳಿತೆಂದು ಒಣ ನಾಡಿನ ಹೂಗಿಡ ಅಡೇನಿಯಂ ಐದು ತಂದು ನೆಲದಲ್ಲೇ ನೆಟ್ಟೆ. ಮೇವರೆಗೆ ಗುಲಾಬಿ ಹೂ, ಫೋಟೋ ತೆಗೆದಷ್ಟೂ ಸಾಲದು. ಜುಲೈಯಲ್ಲಿ ಒಂದು ದಿನ ಅದರ ದಪ್ಪ ಬುಡ ಒತ್ತಿ ನೋಡಿದರೆ ಬೆರಳು ಒಳಗೇ ಹೋಯಿತು, ಹಣ್ಣಾಗಿ ಕೊಳೆತ ಪಪ್ಪಾಯಿಯ ಹಾಗೆ. ಐದೂ ಹೋದವು. ದಾರಿಗೆ ಹಾಕಿದ ಬಿಳಿ ಕಲ್ಲು ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಹಸಿರು ಪಾಚಿ, ಅದರ ಮೇಲೆ ಕೆಂಪು ಮಣ್ಣಿನ ಕಲೆ. ಮಾಡಿನ (ಮನೆಯ ಸೂರಿನ) ನೀರು ಎಲ್ಲಿ ಬೀಳುತ್ತದೆ ಎಂದು ಆ್ಯಪ್ ಒಮ್ಮೆಯೂ ಕೇಳಲಿಲ್ಲ. ಮಳೆಯ ಮೊದಲ ವಾರದಲ್ಲೇ ಲಾನಿನ ಅಂಚಿನಲ್ಲಿ ಗೇಣಗಲಕ್ಕೆ ಕಣಿ ತೆಗೆದಂತಾಯಿತು.

ಎರಡನೇ ವರ್ಷ ದಾರಿ ಬದಲಿಸಿದೆ. ಗಿಡದ ಐಡಿಯಾಕ್ಕೆ ಜುಲೈ ಮಳೆಯಲ್ಲಿ ಕೊಡೆ ಹಿಡಿದು ನಮ್ಮದೇ ಓಣಿಯ ಕಾಂಪೌಂಡ್‌ಗಳನ್ನು ಇಣುಕಿದೆ. ಆ ಮಳೆಗೂ ಗಟ್ಟಿಯಾಗಿ ನಿಂತವು ಕೇಪುಳ (ಇಕ್ಸೋರಾ), ದಾಸವಾಳ, ನಂದಬಟ್ಟಲು. ಕೇಪುಳ ಸಾಲಾಗಿ ನೆಟ್ಟು ಕತ್ತರಿಸಿದರೆ ಚೆಂದದ ಬೇಲಿ. ಗಣರಾಜ್ಯೋತ್ಸವದ ಹೊತ್ತಿಗೆ ಮಂಗಳೂರಿನ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೂ ಹೋಗಿದ್ದೆ. ಬಣ್ಣ ಜೋಡಿಸುವುದನ್ನು ಅಲ್ಲಿ ಕಲಿಯಬಹುದು, ಆದರೆ ಅದು ಜನವರಿಯ ಚೆಂದ, ನೆನಪಿರಲಿ. ತೆಂಗಿನ ನೆರಳಲ್ಲಿ ಬೋಳಾಗಿದ್ದ ಮೆಕ್ಸಿಕನ್ ಹುಲ್ಲು ಕಿತ್ತು ಬಫೆಲೋ ಹುಲ್ಲು ಹಾಕಿದೆ. ಎಲೆ ಒರಟು, ಆದರೆ ನೆರಳು ತಡೆಯುತ್ತದೆ. ಮಾಡಿನ ನೀರು ಬೀಳುವಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಸಾಲು. ಇದನ್ನೆಲ್ಲ ಎಲ್ಲೆಲ್ಲಿ ಕೂರಿಸುವುದು ಎಂದು ಅಳೆದದ್ದು ಮಾತ್ರ ಅದೇ ಆ್ಯಪ್‌ನಲ್ಲಿ. ಬಸಳೆ ಚಪ್ಪರ ಬಾವಿ ಪಕ್ಕಕ್ಕೆ ಬಂತು.

ಒಂದು ಸಿಟ್ಟು ಉಂಟು. ಎರಡನೇ ವರ್ಷದ ದುಡ್ಡನ್ನು ಹೇಳದೆ ಕೇಳದೆ ಕಾರ್ಡಿನಿಂದ ಎಳೆದುಕೊಂಡರು. ಮೇಲ್ ಹಾಕಿದರೆ ಧನ್ಯವಾದ ಎಂಬ ಉತ್ತರ ಬಂತು, ದುಡ್ಡು ಬರಲಿಲ್ಲ.

5ಕ್ಕೆ 3 ಕೊಡುತ್ತೇನೆ. ಕಾರ್ಡ್ ತೆಗೆದುಹಾಕಿದ್ದೇನೆ. ಹಿತ್ತಿಲು ಇನ್ನೂ ಬಾಕಿ ಉಂಟು, ಅದಕ್ಕೆ ಒಂದು ತಿಂಗಳ ಪ್ಲಾನ್ ಸಾಕು.